ಪಿಎಚ್‌ಡಿ ಮುಗಿಸಿದವರಿಗೆ ಪಾಠ ಇದೆ, ಹುದ್ದೆ ಇಲ್ಲ: ಹೊಗೆಸೊಪ್ಪಿನ ಸೀಮೆಯ ಒಂದು ಲೆಕ್ಕ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆಯ ಹುಡುಗ ಹುಡುಗಿಯರು ಎಂ.ಎ., ಎಂ.ಎಸ್ಸಿ. ಮುಗಿಸುವ ಹೊತ್ತಿಗೆ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಸರ್, ಪಿಎಚ್‌ಡಿ ಮಾಡಿದ್ರೆ ಕೆಲಸ ಸಿಗುತ್ತಾ?" ನನ್ನ ಉತ್ತರ ಅವರಿಗೆ ಒಗಟಿನಂತೆ ಕೇಳಿಸುತ್ತೆ. ಕೆಲಸ ಖಂಡಿತ ಸಿಗುತ್ತೆ. ಹುದ್ದೆ ಸಿಗುವುದಿಲ್ಲ.

ನಾನು ಪಿರಿಯಾಪಟ್ಟಣ ತಾಲ್ಲೂಕಿನ ಹೊಗೆಸೊಪ್ಪು ಬೆಳೆಯುವ ಮನೆಯವನು. ಮಾನಸಗಂಗೋತ್ರಿಯಲ್ಲಿ ಓದಿ ಪಿಎಚ್‌ಡಿ ಮುಗಿಸಿ, ಈಗ ಈ ಭಾಗದ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಯಾವ ಕಾಲೇಜು ಅನ್ನುವುದು ಇಲ್ಲಿ ಮುಖ್ಯವಲ್ಲ. ಹುಣಸೂರಿನ ಡಿ. ದೇವರಾಜ ಅರಸು ಕಾಲೇಜಾಗಲಿ, ಬೆಟ್ಟದಪುರವಾಗಲಿ, ಕೋಟೆಯಾಗಲಿ, ರಾಜ್ಯದ ಸುಮಾರು 430 ಸರ್ಕಾರಿ ಪದವಿ ಕಾಲೇಜುಗಳಲ್ಲಿ ಯಾವುದಾದರೂ ಆಗಲಿ, ಕಥೆ ಹೆಚ್ಚೂಕಡಿಮೆ ಒಂದೇ. ತರಗತಿಯಲ್ಲಿ ಕೂತ ಮಕ್ಕಳಿಗೆ ಕಾಯಂ ಪ್ರಾಧ್ಯಾಪಕರೂ 'ಸರ್', ನಾವೂ 'ಸರ್'. ವ್ಯತ್ಯಾಸ ತಿಳಿಯುವುದು ತಿಂಗಳ ಕೊನೆಗೆ.

ಅಂದಹಾಗೆ ಈ 'ಅತಿಥಿ' ಪದವನ್ನು ಯಾರು ಹುಡುಕಿದರೋ, ಅವರಿಗೊಂದು ನಮಸ್ಕಾರ. ತಿಥಿ ನೋಡದೆ ಬರುವವನು ಅತಿಥಿ ಅಂತ ಹಳಬರು ಅರ್ಥ ಹೇಳ್ತಾರೆ. ನಮ್ಮದು ಪೂರ್ತಿ ಉಲ್ಟಾ. ಸೆಮಿಸ್ಟರ್ ಶುರುವಾದ ಮೇಲೆ ಬಾ, ಮುಗಿಯುತ್ತಿದ್ದಂತೆ ಹೊರಡು, ಮುಂದಿನ ವರ್ಷ ಮತ್ತೆ ಅರ್ಜಿ ಹಾಕು. ಹೀಗೆ 15 ವರ್ಷ ಬಂದುಹೋದ 'ಅತಿಥಿ'ಗಳು ನಮ್ಮ ನಡುವೆ ಇದ್ದಾರೆ.

ಡಾಕ್ಟರ್ ಆದ ದಿನ ಇಳಿಯುವ ಆದಾಯ

ಮೊದಲು ದುಡ್ಡಿನ ಮಾತು. ಊರಲ್ಲೂ ಮೊದಲು ಕೇಳುವುದು ಅದನ್ನೇ. "ಡಾಕ್ಟ್ರು ಆದ್ಯಂತಲ್ಲ, ತಿಂಗಳಿಗೆ ಎಷ್ಟ್ ಬತ್ತದೆ ಮಗಾ?"

ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಪಡೆದು ಸಂಶೋಧನೆಗೆ ಸೇರಿದವರಿಗೆ 2023ರ ಜನವರಿ 1ರಿಂದ ತಿಂಗಳಿಗೆ ₹37,000 ಫೆಲೋಶಿಪ್. ಎರಡು ವರ್ಷದ ನಂತರ ಎಸ್‌ಆರ್‌ಎಫ್ ಆದರೆ ₹42,000. ಮನೆಬಾಡಿಗೆ ಭತ್ಯೆ ಬೇರೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳ ರಾಷ್ಟ್ರೀಯ ಫೆಲೋಶಿಪ್‌ನಲ್ಲೂ ಇದೇ ಮಟ್ಟದ ಮೊತ್ತ. ಇಷ್ಟು ಸಿಕ್ಕವರು ಅದೃಷ್ಟವಂತರು, ಯಾವ ಫೆಲೋಶಿಪ್ಪೂ ಇಲ್ಲದೆ ಓದುವವರೇ ಹೆಚ್ಚು. ಆದರೂ ಅದೃಷ್ಟವಂತರ ಲೆಕ್ಕವನ್ನೇ ಹಿಡಿಯೋಣ.

ಪ್ರಬಂಧ ಒಪ್ಪಿಸಿ, ವೈವಾ ಮುಗಿಸಿ, 'ಡಾ.' ಸೇರಿಸಿಕೊಂಡು ತಾಲ್ಲೂಕು ಕಾಲೇಜಿಗೆ ಬಂದರೆ ಏನು ಸಿಗುತ್ತೆ? 2021ರ ಕೊನೆಯವರೆಗೆ ಅರ್ಹತೆ ಇರುವ ಅತಿಥಿ ಉಪನ್ಯಾಸಕರಿಗೆ ಸಿಗ್ತಾ ಇದ್ದದ್ದು ತಿಂಗಳಿಗೆ ₹13,000, ಇಲ್ಲದವರಿಗೆ ₹11,000. ಆ ವರ್ಷದ ಡಿಸೆಂಬರ್‌ನಲ್ಲಿ ರಾಜ್ಯದಾದ್ಯಂತ ತರಗತಿ ಬಹಿಷ್ಕರಿಸಿ ಹೋರಾಟಕ್ಕೆ ಕೂತ ಮೇಲೆ, 2022ರ ಜನವರಿಯಲ್ಲಿ ಅರ್ಹತೆ ಮತ್ತು ಸೇವಾವಧಿ ನೋಡಿ ₹26,000ದಿಂದ ₹32,000ದವರೆಗೆ ಏರಿಸಿದರು. ಜೊತೆಗೆ ವಾರದ ಕಾರ್ಯಭಾರವನ್ನು 15 ಗಂಟೆಗೆ ಏರಿಸಿದರು. ಅದರ ಅರ್ಥ ಆಗ ಎಲ್ಲರಿಗೂ ಹೊಳೆಯಲಿಲ್ಲ: ಇಬ್ಬರು ಮಾಡುತ್ತಿದ್ದ ಪಾಠ ಒಬ್ಬರಿಗೆ ಹೋಯಿತು, ಇನ್ನೊಬ್ಬರು ಮನೆಗೆ ಹೋದರು. 2023ರ ಕೊನೆಗೆ ಮತ್ತೆ ಹೋರಾಟ, 2024ರ ಹೊಸ ವರ್ಷದ ದಿನ ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ. ಆ ಹೊತ್ತಿಗೆ ಸೇವಾವಧಿ ನೋಡಿ ₹5,000ದಿಂದ ₹8,000ದವರೆಗೆ ಹೆಚ್ಚಳ ಬಂತು.

ಈಗ ಕೂಡಿಸಿ ನೋಡಿ. ಹೊಸದಾಗಿ ಪಿಎಚ್‌ಡಿ ಮುಗಿಸಿ ಬಂದವರಿಗೆ ₹30,000 ಮತ್ತು ₹5,000, ಅಂದ್ರೆ ₹35,000. ಎಲ್ಲ ಅರ್ಹತೆಯೂ ಇದ್ದು, 15 ವರ್ಷ ದಾಟಿದವರಿಗೆ ಗರಿಷ್ಠ ₹40,000. ಅದೂ ಪಾಠ ಇರುವ ತಿಂಗಳುಗಳಿಗೆ ಮಾತ್ರ. ವಿದ್ಯಾರ್ಥಿಯಾಗಿದ್ದಾಗ ₹42,000 ಪಡೆಯುತ್ತಿದ್ದವರು ಡಾಕ್ಟರ್ ಆಗಿ ಪಾಠಕ್ಕೆ ನಿಂತ ದಿನ ಆದಾಯ ಇಳಿಯುತ್ತೆ. ಅಷ್ಟೇ ಅಲ್ಲ, ಆಮೇಲೆ 15 ವರ್ಷ ದುಡಿದರೂ ಹಳೇ ಫೆಲೋಶಿಪ್‌ನ ಮಟ್ಟ ಮುಟ್ಟುವುದಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂರುವ ಕಾಯಂ ಸಹಾಯಕ ಪ್ರಾಧ್ಯಾಪಕರಿಗೆ ಯುಜಿಸಿ ವೇತನಶ್ರೇಣಿಯಲ್ಲಿ ಆರಂಭದ ಮೂಲವೇತನವೇ ₹57,700. ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆ ಅದರ ಮೇಲೆ. ಅತಿಥಿಗಳಿಗೆ ಗಂಟೆಗೆ ₹1,500, ತಿಂಗಳಿಗೆ ಗರಿಷ್ಠ ₹50,000 ಕೊಡಿ ಅಂತ ಯುಜಿಸಿ 2019ರ ಜನವರಿಯಲ್ಲೇ ಹೇಳಿದೆ. ಅದು ಇನ್ನೂ ಕಾಗದದಲ್ಲಿದೆ.

ಪರೀಕ್ಷೆಯ ಬಸ್ಸು ಯಾವಾಗ ಬರುತ್ತೆ?

"ಹಾಗಾದ್ರೆ ಕಾಯಂ ಹುದ್ದೆಗೆ ಪರೀಕ್ಷೆ ಬರೀರಿ" ಅನ್ನುತ್ತೀರಿ. ಬರೆಯೋಣ, ಆದರೆ ಪರೀಕ್ಷೆ ಯಾವಾಗ? ಸರ್ಕಾರಿ ಪದವಿ ಕಾಲೇಜುಗಳಿಗೆ 1,242 ಸಹಾಯಕ ಪ್ರಾಧ್ಯಾಪಕರನ್ನು ತುಂಬಲು ಅಧಿಸೂಚನೆ ಬಂದದ್ದು 2021ರಲ್ಲಿ, ಪರೀಕ್ಷೆ ನಡೆದದ್ದು 2022ರ ಮಾರ್ಚ್‌ನಲ್ಲಿ. ಭೂಗೋಳಶಾಸ್ತ್ರದ ಪ್ರಶ್ನೆಪತ್ರಿಕೆ ಸೋರಿಕೆ ಆರೋಪ, ಪೊಲೀಸ್ ತನಿಖೆ, ಬಂಧನ, ಆಮೇಲೆ ಪಟ್ಟಿಯ ತಕರಾರು ಎಲ್ಲ ಆಗಿ ಆದೇಶಪತ್ರ ಕೈಗೆ ಬರುವಷ್ಟರಲ್ಲಿ ವರ್ಷಗಳೇ ಹೋದವು. ಅದರ ಹಿಂದಿನ ದೊಡ್ಡ ನೇಮಕ 2,160 ಹುದ್ದೆಗಳದ್ದು, ಕಳೆದ ದಶಕದ ನಡುವಿನದು. ಎರಡು ಬಸ್ಸುಗಳ ನಡುವೆ ಆರು ವರ್ಷದಷ್ಟು ಅಂತರ. ಪಿಎಚ್‌ಡಿಗೂ ಹತ್ತಿರ ಹತ್ತಿರ ಅಷ್ಟೇ ಕಾಲ ಬೇಕು: 2022ರ ಯುಜಿಸಿ ನಿಯಮದ ಪ್ರಕಾರ ಕನಿಷ್ಠ 3, ಗರಿಷ್ಠ 6 ವರ್ಷ. ಒಂದು ಬಸ್ಸು ಹೋದ ಮೇಲೆ ಸಂಶೋಧನೆಗೆ ಸೇರಿದವರು ಮುಂದಿನದು ಬರುವ ಹೊತ್ತಿಗೆ ಇನ್ನೂ ಅಧ್ಯಾಯ ತಿದ್ದುತ್ತಾ ಇರ್ತಾರೆ, ಅದನ್ನೂ ತಪ್ಪಿಸಿಕೊಂಡರೆ ವಯೋಮಿತಿ ಎದುರು ಬಂದು ನಿಲ್ಲುತ್ತೆ. 2024ರ ಅಕ್ಟೋಬರ್ ಕೊನೆಯಲ್ಲಿ ಪರಿಶಿಷ್ಟ ಜಾತಿ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡ ಅಂತ ರಾಜ್ಯ ಸರ್ಕಾರ ತಡೆಹಿಡಿಯಿತು. ತೀರ್ಮಾನ ಬಂದದ್ದು 2025ರ ಆಗಸ್ಟ್‌ನಲ್ಲಿ. ಒಳಮೀಸಲಾತಿ ಮೂರು ದಶಕದ ಹೋರಾಟದ ನ್ಯಾಯ, ಅದರ ಬಗ್ಗೆ ನನಗೆ ತಕರಾರಿಲ್ಲ. ಅದಕ್ಕೂ ಮೊದಲಿನ ಎಲ್ಲ ವರ್ಷಗಳಲ್ಲಿ ಹುದ್ದೆಗಳನ್ನು ಖಾಲಿ ಬಿಟ್ಟದ್ದಕ್ಕೆ ಯಾವ ಕಾರಣ ಇತ್ತು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ನಿಯಮಗಳ ಆಟ ಇನ್ನೊಂದು. ವಿಶ್ವವಿದ್ಯಾಲಯಗಳಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು 2021ರ ಜುಲೈಯಿಂದ ಪಿಎಚ್‌ಡಿ ಕಡ್ಡಾಯ ಅಂತ 2018ರಲ್ಲಿ ಯುಜಿಸಿ ಬರೆಯಿತು. ನಮ್ಮ ಬ್ಯಾಚಿನ ಎಷ್ಟೋ ಜನ ಅದನ್ನು ನಂಬಿಯೇ ಸೇರಿದರು. ಕೋವಿಡ್ ಬಂತು, ಗಡುವು 2023ರ ಜುಲೈಗೆ ಹೋಯಿತು. ಆ ಜುಲೈ ಬಂದಾಗ ಯುಜಿಸಿ ತಿದ್ದುಪಡಿ ತಂದು, ನೆಟ್/ಸೆಟ್ ಸಾಕು, ಪಿಎಚ್‌ಡಿ ಐಚ್ಛಿಕ ಅಂದಿತು. ಈ ತಿದ್ದುಪಡಿಯ ಪರವಾಗಿ ಹೇಳಲು ವಾದ ಇದೆ. ಆರು ವರ್ಷ ಸಂಬಳವಿಲ್ಲದೆ ಓದಲಾಗದ ಬಡವರ ಮಕ್ಕಳಿಗೆ ನೆಟ್ ದಾರಿ ಹತ್ತಿರದ್ದು. ಕುವೆಂಪು ಎಂ.ಎ. ಮುಗಿಸಿದ 1929ರಲ್ಲೇ ಮಹಾರಾಜ ಕಾಲೇಜಿಗೆ ಅಧ್ಯಾಪಕರಾದರು. ಯಾವ ಪಿಎಚ್‌ಡಿಯೂ ಇಲ್ಲದೆ ಕುಲಪತಿಯೂ ಆದರು. ಆದರೆ ಆಟದ ನಡುವೆ ಗೋಲ್‌ಪೋಸ್ಟ್ ಎತ್ತಿಟ್ಟರೆ, ಓಡುತ್ತಿದ್ದವರು ಎಲ್ಲಿಗೆ ಓಡಬೇಕು? ಈಗ ಕಾಲೇಜು ಹುದ್ದೆಗೆ ಪಿಎಚ್‌ಡಿ ಮಾಡುವ ಕೆಲಸ ಎರಡೇ: ನೆಟ್ ಇಲ್ಲದವರಿಗೆ ನಿಯಮಬದ್ಧ ಪಿಎಚ್‌ಡಿ ಇದ್ದರೆ ಅರ್ಜಿ ಹಾಕುವ ಅರ್ಹತೆ ಕೊಡುತ್ತೆ, ಒಳಗೆ ಹೋದವರಿಗೆ ಸಹ ಪ್ರಾಧ್ಯಾಪಕ ಹುದ್ದೆಗೆ ಬಡ್ತಿ ಕೊಡಿಸುತ್ತೆ. ಬಾಗಿಲು ತೆಗೆಸುವುದು ಸ್ಪರ್ಧಾತ್ಮಕ ಪರೀಕ್ಷೆಯ ಅಂಕ.

ನೆಟ್ ಪರೀಕ್ಷೆಯೂ ನೆಟ್ಟಗಿಲ್ಲ. 2024ರ ಜೂನ್ 18ರಂದು ಬರೆದ ಪರೀಕ್ಷೆಯನ್ನು ಮರುದಿನವೇ ರದ್ದು ಮಾಡಿದ್ದು ನೆನಪಿರಬಹುದು. ಕೆ-ಸೆಟ್ ಮೊದಲು ಮೈಸೂರು ವಿವಿಯೇ ನಡೆಸುತ್ತಿತ್ತು, 2023ನೇ ಸಾಲಿನಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ ಹೋಯಿತು.

ಹೊಗೆಸೊಪ್ಪಿಗೂ ಒಂದು ಲೆಕ್ಕ ಇದೆ

ನಮ್ಮ ಸೀಮೆಯಲ್ಲಿ ಯಾರನ್ನಾದರೂ ಕೇಳಿ, ಹೊಗೆಸೊಪ್ಪಿನ ಲೆಕ್ಕ ಬಾಯಲ್ಲೇ ಹೇಳ್ತಾರೆ. ತಂಬಾಕು ಮಂಡಳಿ ಕಾಯ್ದೆ 1975ರದ್ದು. ವರ್ಜೀನಿಯಾ ತಂಬಾಕು ಬೆಳೆಯಲು ನೋಂದಣಿ ಬೇಕು, ಬ್ಯಾರನ್‌ಗೆ ಲೈಸೆನ್ಸ್ ಬೇಕು. ಈ ವರ್ಷ ಕರ್ನಾಟಕ ಎಷ್ಟು ಬೆಳೆಯಬೇಕು ಅಂತ ಮಂಡಳಿ ಮೊದಲೇ ನಿಗದಿ ಮಾಡುತ್ತೆ. ಎಷ್ಟೋ ವರ್ಷ ಅದು 10 ಕೋಟಿ ಕೆ.ಜಿ. ಆಸುಪಾಸಿನಲ್ಲೇ ಇತ್ತು. ಹೆಚ್ಚು ಬೆಳೆದರೆ ದಂಡ. ರೈತರು ಬೀದಿಗಿಳಿದ ಮೇಲೆ ಕೇಂದ್ರ ದಂಡ ಮನ್ನಾ ಮಾಡಿದ್ದೂ ಉಂಟು. ಕಟ್ಟೆಮಳಲವಾಡಿಯಲ್ಲೋ ಪಿರಿಯಾಪಟ್ಟಣದಲ್ಲೋ ಹರಾಜು ಶುರುವಾದರೆ ಇವತ್ತಿನ ಸರಾಸರಿ ದರ ಎಷ್ಟು ಅನ್ನುವುದು ಸಂಜೆಗೆ ಹಳ್ಳಿ ಟೀ ಅಂಗಡಿಯಲ್ಲಿರುತ್ತೆ. ದರ ಬಿದ್ದರೆ ಹರಾಜು ನಿಲ್ಲಿಸ್ತಾರೆ, ರಸ್ತೆ ತಡೀತಾರೆ.

ಪಿಎಚ್‌ಡಿಗೆ ಇಂಥ ಯಾವ ಲೆಕ್ಕವೂ ಇಲ್ಲ. ಕೇಂದ್ರದ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2014-15ರಲ್ಲಿ ದೇಶದಲ್ಲಿ ಪಿಎಚ್‌ಡಿಗೆ ನೋಂದಣಿಯಾಗಿದ್ದವರು 1.17 ಲಕ್ಷ, 2021-22ರಲ್ಲಿ 2.12 ಲಕ್ಷ. ಏಳು ವರ್ಷದಲ್ಲಿ ಶೇ 80ಕ್ಕೂ ಹೆಚ್ಚು ಏರಿಕೆ. ಇದೇ ಅವಧಿಯಲ್ಲಿ ಮೈಸೂರು ವಿಶ್ವವಿದ್ಯಾಲಯದ ಮಂಜೂರಾದ ಬೋಧಕ ಹುದ್ದೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ ಬಿದ್ದವು. ಅಂದ್ರೆ ಸಂಶೋಧಕರನ್ನು ತಯಾರಿಸುವ ಮಾರ್ಗದರ್ಶಕರೇ ನಿವೃತ್ತರಾಗಿ ಹೋಗ್ತಿದ್ದಾರೆ, ಅವರ ಜಾಗಕ್ಕೆ ಯಾರೂ ಬರ್ತಿಲ್ಲ. ಚಾಮರಾಜನಗರ ಸೇರಿ ಹೊಸ ವಿಶ್ವವಿದ್ಯಾಲಯಗಳನ್ನು 2023ರಲ್ಲಿ ಶುರುಮಾಡಿ, 2025ರಲ್ಲಿ ಅವನ್ನೇ ಮುಚ್ಚುವ ಅಥವಾ ವಿಲೀನ ಮಾಡುವ ಮಾತು ಸಂಪುಟ ಉಪಸಮಿತಿಯಿಂದ ಬಂತು. ಅಲ್ಲಿ ಹುದ್ದೆ ಹುಟ್ಟಬಹುದು ಅಂತ ಕಾದವರ ಕಥೆ ಅಲ್ಲಿಗೆ ನಿಂತಿದೆ.

ಹಾಗಂತ ಹೊಗೆಸೊಪ್ಪಿನ ಹಾಗೆ ಪಿಎಚ್‌ಡಿಗೂ ಕೋಟಾ ಹಾಕಿ, ಸೀಟು ಕಡಿಮೆ ಮಾಡಿ ಅನ್ನುವವರ ಜೊತೆ ನಾನಿಲ್ಲ. "ಇಷ್ಟೊಂದು ಜನಕ್ಕೆ ಪಿಎಚ್‌ಡಿ ಯಾಕೆ ಬೇಕು" ಅನ್ನುವ ಮಾತು ಸಾಮಾನ್ಯವಾಗಿ ಬರುವುದು ಎರಡು ತಲೆಮಾರಿನಿಂದ ಪ್ರೊಫೆಸರ್‌ಗಳಿರುವ ಮನೆಗಳಿಂದ. ಸೀಟು ಕಡಿತವಾದರೆ ಮೊದಲು ಹೊರಗೆ ಬೀಳುವವರು ಯಾರು ಅಂತ ನಮಗೆ ಗೊತ್ತು. ಹುಣಸೂರಿನಿಂದ ಗೆದ್ದು ಮುಖ್ಯಮಂತ್ರಿಯಾದ ದೇವರಾಜ ಅರಸರ ಕಾಲದ ಹಾಸ್ಟೆಲುಗಳು, ಹಾವನೂರು ಆಯೋಗದ ವರದಿ, ಆಮೇಲೆ 2005ರ ಸುಮಾರಿಗೆ ಶುರುವಾದ ರಾಜೀವ್ ಗಾಂಧಿ ರಾಷ್ಟ್ರೀಯ ಫೆಲೋಶಿಪ್ ಇವೆಲ್ಲ ಸೇರಿ ಹೊಲೆಗೇರಿಯ, ಹಾಡಿಯ, ಸಣ್ಣ ಹಿಡುವಳಿಯ ಮನೆಯ ಮಕ್ಕಳನ್ನು ಸಂಶೋಧನೆಯ ಬಾಗಿಲಿಗೆ ತಂದವು. ಅವರು ಬಾಗಿಲಿಗೆ ಬಂದ ಕಾಲಕ್ಕೇ ಒಳಗಿನ ಕುರ್ಚಿಗಳನ್ನು ಎತ್ತಿಟ್ಟದ್ದು ಕಾಕತಾಳೀಯವೋ ಏನೋ, ನೀವೇ ಯೋಚಿಸಿ. ಅಲ್ಪಸಂಖ್ಯಾತ ಸಂಶೋಧಕರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ಪನ್ನು 2022ರಲ್ಲಿ ಕೇಂದ್ರ ನಿಲ್ಲಿಸಿಯೇಬಿಟ್ಟಿತು.

ಕೋಟೆ ಕಡೆಯ ಮಾತು ಇನ್ನೂ ಬೇರೆ. ಜೇನುಕುರುಬ, ಬೆಟ್ಟಕುರುಬ, ಯರವ ಹಾಡಿಗಳ ಮೇಲೆ ಪಿಎಚ್‌ಡಿ ಮಾಡಿದವರು ಎಷ್ಟೋ ಜನ. ಹಾಡಿಯಿಂದ ಬಂದು ಪಿಎಚ್‌ಡಿ ಮುಗಿಸಿದವರು ಬೆರಳೆಣಿಕೆ. ಇಡೀ ದೇಶಕ್ಕೆ ವರ್ಷಕ್ಕೆ 750 ಇರುವ ಪರಿಶಿಷ್ಟ ಪಂಗಡ ಫೆಲೋಶಿಪ್‌ನಲ್ಲಿ ನಾಗರಹೊಳೆ ಅಂಚಿನ ಹಾಡಿಯ ಹುಡುಗಿ ದೊಡ್ಡ ಬುಡಕಟ್ಟುಗಳ, ದೊಡ್ಡ ಊರುಗಳ ಮಕ್ಕಳ ಜೊತೆ ಪೈಪೋಟಿ ಮಾಡಬೇಕು. ಅದನ್ನೂ ದಾಟಿ ಬಂದವರಿಗೆ ನಾವು ಕೊನೆಗೆ ಕೊಡುವುದು ವಾರಕ್ಕೆ 15 ಗಂಟೆಯ ಪಾಠದ ಪಟ್ಟಿ.

ಕಾಯಂ ಮಾಡಿ ಅಂದ್ರೆ ಉಮಾದೇವಿ ಅಂತಾರೆ

ಪ್ರತಿ ಹೋರಾಟದಲ್ಲೂ ಸರ್ಕಾರದ ಕಡೆಯಿಂದ ಒಂದು ಹೆಸರು ಬರುತ್ತೆ: ಉಮಾದೇವಿ. ಇದು ಕರ್ನಾಟಕದ್ದೇ ಪ್ರಕರಣ. ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರ ಕಾಯಮಾತಿ ಕುರಿತು ಶುರುವಾದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರ ಏಪ್ರಿಲ್ 10ರಂದು ತೀರ್ಪು ಕೊಟ್ಟಿತು. ಸಾರ್ವಜನಿಕ ನೇಮಕಾತಿ ಪ್ರಕ್ರಿಯೆ ಇಲ್ಲದೆ ಸೇರಿದವರು ಎಷ್ಟು ವರ್ಷ ದುಡಿದರೂ ಕಾಯಂ ಕೇಳುವ ಹಕ್ಕಿಲ್ಲ ಅನ್ನುವುದು ಅದರ ತಿರುಳು. ಹಿಂಬಾಗಿಲ ನೇಮಕ ತಡೆಯುವ ಉದ್ದೇಶ ಅದಕ್ಕಿತ್ತು, ಅದು ಸರಿಯೇ. ಆದರೆ ಸರ್ಕಾರಗಳು ಅದರಲ್ಲಿ ಅರ್ಧ ಮಾತ್ರ ಓದಿದವು. ನಿಯಮಿತವಾಗಿ ಹುದ್ದೆ ತುಂಬಿ ಅನ್ನುವುದನ್ನು ಬಿಟ್ಟು, ಕಾಯಂ ಮಾಡಬೇಕಿಲ್ಲ ಅನ್ನುವುದನ್ನು ಹಿಡಿದುಕೊಂಡವು. 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ, ಉಮಾದೇವಿ ತೀರ್ಪನ್ನು ದೀರ್ಘಕಾಲ ದುಡಿದವರ ವಿರುದ್ಧ ಅಸ್ತ್ರವಾಗಿ ಬಳಸಬಾರದು ಅಂತ ಹೇಳಿತು. 2025ರ ಆಗಸ್ಟ್‌ನಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರು ₹30,000ಕ್ಕೆ ದುಡಿಯುತ್ತಿದ್ದ ಪ್ರಕರಣದಲ್ಲಿ, ಅವರಿಗೆ ಆ ಹುದ್ದೆಯ ಕನಿಷ್ಠ ವೇತನಶ್ರೇಣಿ ಕೊಡಬೇಕು ಅಂದಿತು.

ನಮ್ಮ ಸರ್ಕಾರ ಇದಕ್ಕೆ ಹೇಳಬಹುದಾದ ಉತ್ತರ ಸುಲಭ: ಅವರು 'ಗುತ್ತಿಗೆ', ಇವರು 'ಅತಿಥಿ'. ಆ ಪದಕ್ಕೆ ನಾನು ನಮಸ್ಕಾರ ಹೇಳಿದ್ದು ಇದಕ್ಕೇ.

ನಮ್ಮೊಳಗಿನ ಒಡಕನ್ನೂ ಹೇಳಬೇಕು. ನೆಟ್, ಸೆಟ್, ಪಿಎಚ್‌ಡಿ ಯಾವುದೂ ಇಲ್ಲದೆ ಹತ್ತು ಹದಿನೈದು ವರ್ಷ ಪಾಠ ಮಾಡಿದ ಹಿರಿಯರು ಒಂದು ಕಡೆ, ಪಿಎಚ್‌ಡಿ ಹಿಡಿದು ಬಂದ ನಮ್ಮಂಥವರು ಇನ್ನೊಂದು ಕಡೆ. 2025-26ರ ನೇಮಕದ ಹೊತ್ತಿಗೆ ಯುಜಿಸಿ ಅರ್ಹತೆಯ ಪ್ರಶ್ನೆ ದೊಡ್ಡ ಜಗಳವೇ ಆಯಿತು. ಕಾನೂನಿನ ಪ್ರಕಾರ ಅರ್ಹರಿಗೆ ಮೊದಲ ಅವಕಾಶ ಅನ್ನುವುದು ಸರಿ. ಆದರೆ ತಿಂಗಳಿಗೆ ₹11,000 ಕೊಟ್ಟು ದುಡಿಸಿಕೊಂಡಾಗ ಕೇಳದಿದ್ದ ಅರ್ಹತೆಯನ್ನು, 50 ವರ್ಷ ದಾಟಿದ ಮೇಲೆ ಕೇಳುವುದು ಯಾವ ನ್ಯಾಯ? ಒಂದೇ ಖಾಲಿ ಹುದ್ದೆಯ ಸುತ್ತ ನಾವು ಕಚ್ಚಾಡಿದಷ್ಟೂ ಆ ಹುದ್ದೆ ಖಾಲಿ ಉಳಿಯುತ್ತೆ.

ಬೇರೆ ದಾರಿ ಇಲ್ವಾ?

ಇದೆ, ಇಲ್ಲ ಅನ್ನಲಾರೆ. ವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿದವರಿಗೆ ನಂಜನಗೂಡಿನ ಔಷಧ ಕಾರ್ಖಾನೆ, ಬೆಂಗಳೂರಿನ ಬಯೋಟೆಕ್, ಹೊರದೇಶದ ಪೋಸ್ಟ್‌ಡಾಕ್ ಅಂತ ಕೆಲವು ಬಾಗಿಲುಗಳಿವೆ. ಮೈಸೂರಲ್ಲೇ ಸಿಎಫ್‌ಟಿಆರ್‌ಐ, ಭಾರತೀಯ ಭಾಷಾ ಸಂಸ್ಥಾನದಂಥ ಕೇಂದ್ರ ಸಂಸ್ಥೆಗಳಿವೆ, ಆದರೆ ಹೊರಗಿನಿಂದ ಹೋಗುವ ಹೊಸಬರಿಗೆ ಅಲ್ಲಿ ಹೆಚ್ಚಾಗಿ ಸಿಗುವುದು ಯೋಜನೆ ಇರುವವರೆಗಿನ ಕೆಲಸ. ಕನ್ನಡ, ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರದವರಿಗೆ ಬೋಧನೆ ಬಿಟ್ಟರೆ ಸ್ವಯಂಸೇವಾ ಸಂಸ್ಥೆ, ಪತ್ರಿಕೆ, ಸರ್ಕಾರಿ ಸ್ಪರ್ಧಾತ್ಮಕ ಪರೀಕ್ಷೆ. ಎಫ್‌ಡಿಎ ಪರೀಕ್ಷೆ ಬರೆಯುವ ಪಿಎಚ್‌ಡಿಗಳನ್ನು ನೋಡಿ ನಗುವವರಿದ್ದಾರೆ. 2015ರಲ್ಲಿ ಉತ್ತರ ಪ್ರದೇಶದ 368 ಜವಾನ ಹುದ್ದೆಗಳಿಗೆ 23 ಲಕ್ಷ ಅರ್ಜಿ ಬಂದಾಗ ಅದರಲ್ಲಿ ಪಿಎಚ್‌ಡಿ ಮಾಡಿದವರು 255 ಜನ ಇದ್ದರು. ನಗುವ ಮೊದಲು ಆ ಹುದ್ದೆಯಲ್ಲಿ ಏನಿದೆ ನೋಡಿ: ಪಿಂಚಣಿ, ರಜೆ, ಮುಂದಿನ ವರ್ಷವೂ ಇರುತ್ತೇನೆ ಅನ್ನುವ ಖಾತ್ರಿ.

ನನಗೆ ಹೆಚ್ಚು ಕಾಡುವುದು ಬೇರೆ. ಈ ನಾಲ್ಕು ತಾಲ್ಲೂಕುಗಳಿಗೆ ಸಂಶೋಧಕರ ಅಗತ್ಯವೇ ಇಲ್ವಾ? ತಂಬಾಕು ನಿಯಂತ್ರಣದ ವಿಶ್ವ ಒಪ್ಪಂದಕ್ಕೆ ಭಾರತ 2004ರಲ್ಲೇ ಸೇರಿದೆ, ಹೊಗೆಸೊಪ್ಪು ಬಿಟ್ಟು ಇನ್ನೇನು ಬೆಳೆಯಬೇಕು ಅನ್ನುವುದಕ್ಕೆ ನಮ್ಮ ರೈತರಿಗೆ ಇವತ್ತಿಗೂ ನಂಬುವಂಥ ಉತ್ತರ ಸಿಕ್ಕಿಲ್ಲ. ಹುಣಸೂರಿನಲ್ಲೇ ಕೇಂದ್ರದ ತಂಬಾಕು ಸಂಶೋಧನಾ ಕೇಂದ್ರ ಇದೆ. ಬ್ಯಾರನ್‌ಗೆ ಸುಡುವ ಸೌದೆ ಎಲ್ಲಿಂದ ಬರುತ್ತೆ, ಸೊಪ್ಪು ಹೆಣೆಯುವ ಹೆಂಗಸರ ಆರೋಗ್ಯ ಏನಾಗಿದೆ, ನಾಗರಹೊಳೆಯಿಂದ ಹೊರಬಂದ ಆದಿವಾಸಿಗಳು ಹೊಗೆಸೊಪ್ಪಿನ ಕೂಲಿಗೆ ಹೇಗೆ ಬಂದರು, ಕೆ.ಆರ್.ನಗರದ ನಾಲೆ ಬಯಲಿನ ಭತ್ತದ ಗದ್ದೆಗಳಲ್ಲಿ ಹೊಸ ತಲೆಮಾರು ಯಾಕೆ ನಿಲ್ಲುತ್ತಿಲ್ಲ. ಇದರಲ್ಲಿ ಒಂದೊಂದೂ ಒಬ್ಬ ಸಂಶೋಧಕರಿಗೆ ಹತ್ತು ವರ್ಷದ ಕೆಲಸ. ಇದನ್ನು ಮಾಡಬಲ್ಲವರು ಇಲ್ಲೇ ಹುಟ್ಟಿ, ಇಲ್ಲಿನ ಮಾತು ಆಡುವವರು. ಅವರು ಬೆಳಿಗ್ಗೆ ಒಂದು ಕಾಲೇಜಲ್ಲಿ ಪಾಠ ಮಾಡಿ, ಮಧ್ಯಾಹ್ನ ಬಸ್ ಹಿಡಿದು ಖಾಸಗಿ ಕಾಲೇಜಿಗೆ ಹೋಗಿ, ರಾತ್ರಿ ಎಫ್‌ಡಿಎ ಗೈಡ್ ಓದುತ್ತಿದ್ದಾರೆ. ಪ್ರಬಂಧವನ್ನು ಪುಸ್ತಕ ಮಾಡಲು ಅವರಿಗೆ ಪುರುಸೊತ್ತಿಲ್ಲ.

ಪಿಎಚ್‌ಡಿ ಮಾಡಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಮಾಡುವುದಾದರೆ ಸೇರುವ ಮೊದಲೇ ಜೆಆರ್‌ಎಫ್‌ಗೋ ಬೇರೆ ಫೆಲೋಶಿಪ್‌ಗೋ ಎರಡು ಮೂರು ಸಲ ಪ್ರಯತ್ನ ಮಾಡಿ. ಪಿಎಚ್‌ಡಿ ಇದ್ದರೂ ನೆಟ್ ಅಥವಾ ಕೆ-ಸೆಟ್ ಪಾಸು ಮಾಡಿಟ್ಟುಕೊಳ್ಳಿ, ನಿಯಮ ಮತ್ತೆ ಯಾವಾಗ ತಿರುಗುತ್ತೋ ಗೊತ್ತಿಲ್ಲ. ಮನೆಯವರಿಗೆ "ಮುಗಿದ ಕೂಡಲೇ ಲೆಕ್ಚರರ್" ಅಂತ ಮಾತು ಕೊಡಬೇಡಿ. ಮುಖ್ಯವಾಗಿ ಆ ಮಾತು ನಂಬಿ ಬ್ಯಾರನ್ ಮೇಲೆ ಸಾಲ ತೆಗೆಯಲು ಹೊರಟ ಅಪ್ಪಂದಿರಿಗೆ.

ಇನ್ನೊಂದು ಕೆಲಸ ಇದೆ, ಅದನ್ನು ಪಿಎಚ್‌ಡಿ ಮಾಡದವರೂ ಮಾಡಬಹುದು. ನೀವು ಓದುತ್ತಿರುವ ಅಥವಾ ಓದಿದ ತಾಲ್ಲೂಕು ಕಾಲೇಜಿನ ವೆಬ್‌ಸೈಟಿನಲ್ಲಿ ನ್ಯಾಕ್‌ಗೆ ಸಲ್ಲಿಸಿದ ಸ್ವಮೌಲ್ಯಮಾಪನ ವರದಿ ಇರುತ್ತೆ. ಮಂಜೂರಾದ ಹುದ್ದೆ ಎಷ್ಟು, ಕಾಯಂ ಬೋಧಕರು ಎಷ್ಟು, ಪಿಎಚ್‌ಡಿ ಇರುವವರು ಎಷ್ಟು ಅನ್ನುವುದನ್ನು ಅಲ್ಲಿ ಹುಡುಕಿ. ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ₹10 ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಯಾವ ವಿಷಯಕ್ಕೆ ಎಷ್ಟು ವರ್ಷದಿಂದ ಕಾಯಂ ಬೋಧಕರಿಲ್ಲ ಅಂತಲೂ ಕೇಳಿ. ಆ ಹಾಳೆಯನ್ನು ನಿಮ್ಮ ಶಾಸಕರು ಕಾಲೇಜಿನ ಹೊಸ ಕಟ್ಟಡದ ಗುದ್ದಲಿಪೂಜೆಗೆ ಬಂದಾಗ ಅವರ ಕೈಗೆ ಕೊಡಿ.